ಖಾಲಿ ಮನೆಗಳಿಗೆ ದೀಪ ಹಚ್ಚುವವನು

ವಿಸ್ಕಾನ್ಸಿನ್ನಿನ ಈ ನದೀದಂಡೆಗೆ
ಸಂಜೆ ನಾಲ್ಕೂವರೆಗೇ ಕತ್ತಲು.
ನನ್ನ ಸೊಂಟದಲ್ಲಿ ನಲವತ್ತೆರಡು ಬೀಗದ ಕೈ.
ಹದಿನೇಳು ಮನೆಗೆ ಜನ ಬಂದಿದ್ದಾರೆ,
ಉಳಿದ ಇಪ್ಪತ್ತೈದಕ್ಕೆ
ದಿನಾ ನಾನೇ ಹೋಗಿ ದೀಪ ಹಚ್ಚಬೇಕು.
ಆಫೀಸಿನ ಅಪ್ಪಣೆ:
ಕೆಲಸಕ್ಕೆ ಮೊದಲು ಊರು ನೋಡಲು ಬಂದವರಿಗೆ
ಸೇತುವೆಯ ಮೇಲಿಂದ
ಊರು ತುಂಬಿದಂತೆ ಕಾಣಬೇಕು.

ಇದೇ ಗೋಡೆಗಳ ಒಳಗೆ ಇಪ್ಪತ್ತಾರು ವರ್ಷ
ಕಾಗದದ ಸುರುಳಿ ಸುತ್ತಿದ್ದೇನೆ.
ಈಗ ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆ.
ಬರ್ನಡೆಟ್ ಸ್ಕೋವ್ರೊನ್ಸ್ಕಿ ಊರಸಭೆಯಲ್ಲಿ
ನಕ್ಷೆಯ ಮೇಲೆ ಕೋಲಿಟ್ಟು ಹೇಳಿದಳು:
ಸಂಬಳ ನೋಡಿ ಬಂದವರು ಒಂದು ಚಳಿಗಾಲ ಇರುತ್ತಾರೆ,
ಬೀದಿ ನೋಡಿ ಬಂದವರು ಬೇರು ಬಿಡುತ್ತಾರೆ.
ಐದು ಕೌಂಟಿ ಸೇರಿ ಹೂಡಿದ ಹಂಚಿಕೆಯಂತೆ.
ನನಗೆ ನಗು. ನಮ್ಮಜ್ಜ ಇದ್ದದ್ದೇ ಬೇಕರಿಯ ಮೇಲೆ,
ಅಜ್ಜಿ ಹಿಟ್ಟಿನ ಕೈಯಲ್ಲೇ ತೊಟ್ಟಿಲು ತೂಗಿದವಳು.
ಆಮೇಲೆ ಕಾನೂನು ಬಂತು:
ಉಣ್ಣುವಲ್ಲಿ ಮಾರಬೇಡ, ಮಾರುವಲ್ಲಿ ಮಲಗಬೇಡ.
ಐವತ್ತು ವರ್ಷ ಕಾರಿನಲ್ಲಿ ಹೋಗಿ ಹಾಲು ತಂದೆವು.

ಹೋದ ಮಂಗಳವಾರ ರೊಸಾಲ್ವಾ ಬಂದಳು,
ಟೆಕ್ಸಾಸಿನವಳು, ಹಡಗುಕಟ್ಟೆಯ ಬೆಸುಗೆ ಕೆಲಸಕ್ಕೆ.
ತೋಳಿನ ತುಂಬ ಕಿಡಿ ಕಚ್ಚಿದ ಕಲೆ,
ಜೊತೆಗೆ ಮೂಗು ಸೋರುವ ಮಗ.
ಯೋಗದ ಕೋಣೆ ತೋರಿಸಿದೆ.
ತಾರಸಿಯ ತೋಟ ತೋರಿಸಿದೆ, ಹಿಮದಡಿ ಇತ್ತು.
ಅವಳು ಕೇಳಿದ್ದು:
"ರಾತ್ರಿ ಪಾಳಿ ಮುಗಿಸಿ ಬಂದರೆ
ಬೆಳಗಿನ ಐದಕ್ಕೆ ಬಿಸಿಯಾಗಿ ಏನಾದರೂ ಸಿಗುತ್ತದಾ?
ನಾನಿಲ್ಲದಾಗ ಇವನು ಅತ್ತರೆ
ಯಾರಿಗೆ ಕೇಳಿಸುತ್ತದೆ?"

ಕರಪತ್ರದಲ್ಲಿ ಉತ್ತರ ಇರಲಿಲ್ಲ.
ಕೆಳಗೆ ಕರೆದೊಯ್ದೆ. ನಾಲ್ಕಕ್ಕೇ ಎದ್ದು
ಎಲುಬಿನ ಸಾರಿಗಿಡುವ ಹ್ಮಾಂಗ್ ಹೆಂಗಸು ಮಾಯಿ ಯಿಯಾ
ಹುಡುಗನ ಮೂಗು ಒರೆಸಿ ಬಟ್ಟಲು ಮುಂದಿಟ್ಟಳು.
ಒಬ್ಬರ ಇಂಗ್ಲಿಷು ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ.
ನಾನು ಬಾಡಿಗೆ ಹೇಳಿದೆ.
ರೊಸಾಲ್ವಾ ಚಮಚ ಕೆಳಗಿಟ್ಟಳು.
ನನಗೂ ಎಟುಕದ ಬಾಡಿಗೆ ಅದು;
ನಾನಿರುವುದು ಹನ್ನೆರಡು ಮೈಲಿ ಆಚೆ,
ತಂಗಿಯ ಮನೆಯ ನೆಲಮಾಳಿಗೆಯಲ್ಲಿ.
ನೋಡೋಣ ಎಂದು ಹೊರಟುಹೋದಳು.

ಇವತ್ತು ಸೇತುವೆ ದಾಟುತ್ತ ಕಿಟಕಿ ಎಣಿಸಿದೆ.
ನಾನಿನ್ನೂ ಕಾಲಿಡದ ಮೂರನೇ ಮಹಡಿಯಲ್ಲಿ
ಒಂದು ಉರಿಯುತ್ತಿತ್ತು.
ನಿನ್ನೆ ಆರಿಸಲು ಮರೆತೆನೇನೋ ಎಂದು
ಮೆಟ್ಟಿಲು ಹತ್ತಿ ಬೀಗದ ಕೈ ತಡಕಿದೆ.
ಬಾಗಿಲ ಸಂದಿಯಿಂದ ಈರುಳ್ಳಿ ಹುರಿದ ವಾಸನೆ,
ಗೋಡೆಗೆ ಗೀಚಿದ್ದಕ್ಕೋ ಏನೋ
ಸ್ಪ್ಯಾನಿಷಿನಲ್ಲಿ ಒಂದು ಗದರಿಕೆ.

ಗೊಂಚಲು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ಇಳಿದೆ.
ಇನ್ನು ಇಪ್ಪತ್ತನಾಲ್ಕು ಹಚ್ಚುವುದಿತ್ತು.