ಸಿಹಿ ಬರುವ ಹೊತ್ತು

ಒಪ್ಪಿಗೆ ಪತ್ರದಲ್ಲಿ ಶ್ಲೇಷ್ಮ ಎಂದಿತ್ತು.
ನಾನೂ ಹಾಗೇ ಓದಿದೆ.
ಹುಲಿಗೆವ್ವ ಸೆರಗಿನ ಚುಂಗಿಗೆ ಮೂಗೊರೆಸಿ,
'ಸಿಂಬಳ ಅನ್ರಿ ಬಾಯಾರ,
ಅದಕ್ಯಾಕ ಮಡಿ ಉಡಸ್ತೀರಿ?' ಅಂದಳು.
ಅಂದಿನಿಂದ ವಾಸ್ಕೊದ ಈ ಒಂದೂವರೆ ಕೋಣೆಯಲ್ಲಿ
ನಮ್ಮ ಸಂಶೋಧನೆಗೆ ಅದೇ ಹೆಸರು.

ಕಿಟಕಿಯಾಚೆ ಬಂದರು. ಹಡಗಿನ ಹೊಟ್ಟೆಯಿಂದ
ಕಲ್ಲಿದ್ದಲು ಬಗೆದು ತೆಗೆಯುವ ಕ್ರೇನು.
ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ
ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು.
ವ್ಯಾಗನ್ನಿನ ಕೆಳಗೆ ಚೆಲ್ಲಿದ್ದನ್ನು ಗುಡಿಸುವವಳು ಅವಳು,
ಹನ್ನೊಂದು ವರ್ಷದಿಂದ.
ಕುಷ್ಟಗಿ ಕಡೆಯವಳು, ಬೈನಾದಲ್ಲಿ ಬಾಡಿಗೆ.

'ಕೆಲವರಿಗೆ ಔಷಧ, ಕೆಲವರಿಗೆ ಬರೇ ಉಪ್ಪುನೀರಿನ ಹಬೆ.
ಯಾರಿಗೆ ಯಾವುದು, ನನಗೂ ಗೊತ್ತಿಲ್ಲ,
ಡಾಕ್ಟರ್ ಕುಂಕಳ್ಯೇಕರರಿಗೂ ಗೊತ್ತಿಲ್ಲ.'
'ಹಂಗಾರ ಯಾರಿಗೆ ಗೊತ್ತೈತಿ?'
'ಒಂದು ಲಕೋಟೆಗೆ. ಪಣಜಿಯಲ್ಲಿದೆ, ಬೀಗದೊಳಗೆ.'
ತುಸು ಯೋಚಿಸಿ ಹೆಬ್ಬೆಟ್ಟು ಚಾಚಿದಳು:
'ಲಕೋಟಿ ಸುಳ್ಳ ಹೇಳೂದಿಲ್ಲ ಬಿಡ್ರಿ.'
ಶಾಯಿಯೇ ಬೇಕಾಗಲಿಲ್ಲ ಎಂದರೆ ಉತ್ಪ್ರೇಕ್ಷೆ.
ಬೇಕಾಯಿತು, ಸ್ವಲ್ಪ.

ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರೆ
ಯಂತ್ರ ಎರಡು ಗೆರೆ ತೋರಿಸಿ ಸುಮ್ಮನಾಯಿತು.
ಉಗುರಿನ ಕಪ್ಪು ದಾಟಿ
ಅದಕ್ಕೆ ರಕ್ತ ಕಾಣಲಿಲ್ಲ.
ಸ್ಪಿರಿಟ್ಟು, ನಿಂಬೆಸಿಪ್ಪೆ, ಹಳೆಯದೊಂದು ಬ್ರಷ್ಷು,
ಏನೂ ನಡೆಯದೆ ಕೊನೆಗೆ ಓಲೆ ಬಿಚ್ಚಿಸಿ
ಕಿವಿಯ ಹಾಲೆಗೆ ಹಚ್ಚಿದೆ.
ಓಲೆಯ ಕೆಳಗೆ ಮಾತ್ರ ಚರ್ಮ ತನ್ನ ಬಣ್ಣ ಉಳಿಸಿಕೊಂಡಿತ್ತು.
ತೊಂಬತ್ತೊಂದು, ಎಂದು ಮಿಣುಕಿತು ಕೆಂಪು.
ಅಲ್ಲಿ ಹಾದುಹೋಗುತ್ತಿತ್ತು ಅವಳ ರಕ್ತ,
ಯಾರನ್ನೂ ಕೇಳದೆ.

ಆಮೇಲೆ ಸ್ಯಾಕರಿನ್.
ಸಾಸಿವೆಯ ಅರ್ಧದಷ್ಟು ಕಣ ಮೂಗಿನೊಳಗೆ,
ಹೊಸ್ತಿಲಿಂದ ಒಂದು ಬೆರಳು ಹಿಂದೆ.
ಅಲ್ಲಿ ಕಣ್ಣಿಗೆ ಕಾಣದ ರೋಮಗಳು
ಹಮಾಲರ ಸಾಲಿನಂತೆ ನಿಂತು
ಕೈಯಿಂದ ಕೈಗೆ ಬುಟ್ಟಿ ದಾಟಿಸಿ
ಅದನ್ನು ಗಂಟಲಿಗೆ ಇಳಿಸಬೇಕು.
ನಾಲಿಗೆಗೆ ಸಿಹಿ ಬಂದಾಗ ಹೇಳಬೇಕು. ಪರೀಕ್ಷೆ ಅಷ್ಟೇ.
ಚೆನ್ನಾಗಿರುವವರಿಗೆ ಹತ್ತು ಹನ್ನೆರಡು ನಿಮಿಷ.
ಊದಿದ ಮೂಗಿನಲ್ಲಿ ಸಾಲು ಮುರಿದಿರುತ್ತದೆ,
ಬುಟ್ಟಿ ಕೆಸರಲ್ಲಿ ಹೂತಿರುತ್ತದೆ.
ಸೀನಬಾರದು. ಮೂಗೆಳೆಯಬಾರದು. ಮಾತಾಡಬಾರದು.

ನಾಲ್ಕನೇ ನಿಮಿಷಕ್ಕೆ, 'ಬಂತು,' ಅಂದಳು.
'ಹೇಗಿದೆ?'
'ಬೆಲ್ಲದಂಗ.'
ಬರೆದೆ: ನಾಲ್ಕು.
ಸ್ಯಾಕರಿನ್ ಬೆಲ್ಲದ ಹಾಗಿರುವುದಿಲ್ಲ.
ನನಗೆ ಗೊತ್ತಿತ್ತು, ಬರೆದೆ.
ಹನ್ನೊಂದಕ್ಕೆ ಬೈನಾದ ನಳ ಬಿಡುತ್ತಾರೆ;
ಅವಳ ಕಣ್ಣು ಗಡಿಯಾರದ ಮೇಲಿತ್ತು.

ಗುರುವಾರ ಮತ್ತೆ ಕರೆಸಿದೆ.
ಕೊಡ ತುಂಬಿಟ್ಟೇ ಬಂದಿದ್ದಳು.
ಇಪ್ಪತ್ತು ನಿಮಿಷ. ಕ್ರೇನು ಬಗ್ಗಿತು, ಎದ್ದಿತು.
ಮೂವತ್ತು. ಮಾತಾಡಬಾರದ ನಿಯಮ ಅವಳಿಗೆ ಮಾತ್ರ,
ನಾನೂ ಯಾಕೋ ಬಾಯಿ ಬಿಡಲಿಲ್ಲ.
ಅವಳು ಗುಟುಕು ನುಂಗಿದಾಗಲೆಲ್ಲ
ನಾನೂ ನುಂಗುತ್ತಿದ್ದೆ.
ನಲವತ್ತೊಂದಕ್ಕೆ ಹುಬ್ಬು ಮೇಲೇರಿತು.
'ಅಯ್ಯ! ಇದು ಕಳ್ಳ ಸೀ ಐತ್ರಿ,
ಬೆನ್ನಿಗೆ ಕಹಿ ಕಟಗೊಂಡ ಬಂದೈತಿ!'
ನಕ್ಕಳು. ನಗು ಕೆಮ್ಮಾಗಿ, ಕೆಮ್ಮು
ಪ್ಲಾಸ್ಟಿಕ್ ಬಟ್ಟಲಲ್ಲಿ ಎರಡೂವರೆ ಗ್ರಾಂ ಆಯಿತು.
ಅದಕ್ಕೂ ಒಂದು ಚೀಟಿ ಅಂಟಿಸಿದೆ.

ತಪ್ಪಿದ ಅಂಕಿಯನ್ನು ಅಳಿಸುವಂತಿಲ್ಲ ನಮ್ಮಲ್ಲಿ.
ಒಂದೇ ಗೆರೆ, ಅದರಡಿಯ ಅಂಕಿ ಓದಲು ಬರಬೇಕು,
ಪಕ್ಕದಲ್ಲಿ ಸಹಿ, ತಾರೀಖು, ಕಾರಣ.
ನಾಲ್ಕರ ಮೇಲೆ ಗೆರೆ ಎಳೆದೆ.
ಕಾರಣಕ್ಕೆ ಎರಡಂಗುಲ ಜಾಗ ಬಿಟ್ಟಿದ್ದರು.
ನೀರು, ಎಂದು ಬರೆದೆ.

ವಾರದ ಮೇಲೆ ಪಣಜಿಯಿಂದ ಫೋನು:
ಯಾವ ನೀರು ಅಂತ ಸ್ಪಷ್ಟವಿಲ್ಲ. ಉಪ್ಪುನೀರೇ?

ಅಲ್ಲ, ಎಂದೆ. ನಳದ್ದು.