ಓರೆಪಟ್ಟಿ

ಮೊದಲನೆಯದನ್ನು ನಿಲ್ಲಿಸುವುದೇ ಕಷ್ಟ.
ಆಮೇಲಿನದಕ್ಕೆ ಪಕ್ಕದಲ್ಲೊಬ್ಬ ಅಣ್ಣನಿರುತ್ತಾನೆ,
ಮೊದಲನೆಯದಕ್ಕೆ ಬರೀ ಬಯಲು.

ಅಜ್ಜಂಪುರದ ಆಚೆ, ರೈಲುಹಳಿಯ ಪಕ್ಕ,
ಈರುಳ್ಳಿ ಗೋದಾಮಿಗೆ ಹನ್ನೊಂದು ಟ್ರಸ್ಸು.
ನೆಲದಲ್ಲಿ ಮಲಗಿದ್ದಾಗ ತಿಂದುಬಿಟ್ಟ ಮೀನಿನ ಮುಳ್ಳಿನಂತೆ
ಕೆಂಪು ಪ್ರೈಮರ್ ಬಳಿದುಕೊಂಡು ತೆಪ್ಪಗಿದ್ದವು.
ಕ್ರೇನು ಎತ್ತಿದ ಕೂಡಲೇ ತಿಳಿಯಿತು,
ನಲವತ್ತಡಿ ಕಬ್ಬಿಣ
ಮೇಲಿನ ಭಾರಕ್ಕೆ ಎಷ್ಟು ಗಟ್ಟಿ, ಪಕ್ಕಕ್ಕೆ ಎಷ್ಟು ಹಪ್ಪಳ.

"ಹೊರಲಿಕ್ಕೆ ಹುಟ್ಟಿದ್ದು ಇದು, ನಿಲ್ಲಲಿಕ್ಕಲ್ಲ,"
ಅಂದ ಬುಡೇನ್ ಮೇಸ್ತ್ರಿ.
"ನಿಲ್ಲೋದನ್ನ ನಾವು ಕಲಿಸಬೇಕು."

ಮೊದಲನೆಯದಕ್ಕೆ ನಾಲ್ಕು ಕಡೆ ಹಗ್ಗ.
ಹಗ್ಗವೆಂದರೆ ತಂತಿಹಗ್ಗ. ಗೂಟವೆಂದರೆ
ಎಮ್ಮೆ ಕಟ್ಟುವ ಗೂಟವಲ್ಲ,
ಮೂರಡಿ ಗುಂಡಿಯಲ್ಲಿ ಕಾಂಕ್ರೀಟು ಕುಡಿದು
ವಾರವಿಡೀ ಮಲಗಿದ್ದ ಗೂಟ.
ಆ ಬೇವಿನ ಮರಕ್ಕೇ ಬಿಗಿದರಾಗದೇ ಎಂದೆ.
ಮೇಸ್ತ್ರಿ ಮರ ನೋಡಿದ, ನನ್ನ ನೋಡಿದ.
"ಮರ ಗಾಳಿಗೆ ಆಡ್ತದೆ ತಿಪ್ಪೇಶ, ಅದರ ಧರ್ಮ ಅದು.
ಕಬ್ಬಿಣಕ್ಕೆ ಆ ಆಟ ಕಲಿಸಬೇಡ."

ಐದು ಗಂಟೆಗೆ ಏಳು ನಿಂತಿದ್ದವು.
ಕ್ರೇನಿನ ಬಾಡಿಗೆ ಗಂಟೆಯ ಲೆಕ್ಕ.
ಕಂಟ್ರಾಕ್ಟರ್ ರೇವಣಸಿದ್ದಪ್ಪ ಬೈಕಿನಿಂದ ಇಳಿಯದೆಯೇ
"ಇನ್ನು ನಾಲ್ಕನ್ನೂ ಎತ್ತಿಬಿಡಿ,
ಪಟ್ಟಿಗಿಟ್ಟಿ ನಾಳೆ ಹೊಡೆದರಾಯ್ತು.
ಉದ್ದಕ್ಕೆ ಪರ್ಲಿನ್ ಕಟ್ಟಿದ್ದೀರಲ್ಲ,
ಒಂದಕ್ಕೊಂದು ಹಿಡಕೊಂಡಿವೆ."

ಹಿಡಕೊಂಡಿವೆ, ನಿಜ.
ಹೆಗಲಿಗೆ ಕೈಹಾಕಿ ಹೊರಟ ಕುಡುಕರ ಸಾಲಿನಂತೆ,
ಒಬ್ಬ ವಾಲಿದರೆ
ಎಲ್ಲರೂ ಅದೇ ಕಡೆಗೆ.

ಮೇಸ್ತ್ರಿ ಬಾಯಿ ಬಿಡಲಿಲ್ಲ.
ಎಡಗಾಲಿನ ಪ್ಯಾಂಟನ್ನು ಮಂಡಿಯವರೆಗೆ ಎತ್ತಿದ.
ಅರಸೀಕೆರೆಯ ಕೊಬ್ಬರಿ ಶೆಡ್ಡು, ಹದಿನಾಲ್ಕು ವರ್ಷದ ಹಿಂದಿನದು,
ಆ ಮೂಳೆಯೊಳಗೆ ಇನ್ನೂ ಬಿದ್ದುಕೊಂಡಿತ್ತು.
ಯಾರೋ ಏಣಿ ದಾಟಿಸಲು
ಒಂದೇ ಒಂದು ಓರೆಪಟ್ಟಿ ಬಿಚ್ಚಿದ್ದರಂತೆ,
ಊಟ ಮುಗಿಸಿ ಬಂದು ಹಾಕೋಣವೆಂದು.
ಯಾರೋ ಅಂದರೆ ಯಾರು, ಕೇಳಿದೆ.
ಪ್ಯಾಂಟು ಇಳಿಸಿಕೊಂಡ.

ಕ್ರೇನು ಹೋಯಿತು. ನಾಲ್ಕು ನೆಲದಲ್ಲೇ ಉಳಿದವು.
ಕತ್ತಲಾಗುವ ತನಕ ಓರೆಪಟ್ಟಿ ಹೊಡೆದೆವು,
ಮೇಲಿನ ಇಳಿಜಾರಿಗೊಂದು ಗುಣಾಕಾರದ ಗುರುತು,
ಕೆಳಗಿನ ತೊಲೆಗೊಂದು,
ನಡುವೆ ನೆಟ್ಟಗೆ ನಿಂತವಕ್ಕೆ ಮತ್ತೊಂದು.
ಶಾಲೆಯಲ್ಲಿ ನನ್ನ ಲೆಕ್ಕದ ಮೇಲೆ ಮೇಡಂ ಎಳೆಯುತ್ತಿದ್ದ
ತಪ್ಪಿನ ಗೀಟು, ಅದೇ ಆಕಾರ.
ಬೋಲ್ಟಿಗೆ ಕೈಬಿಗಿ ಸಾಲದು, ಸ್ಪ್ಯಾನರ್ ಕಿರ್ರೆನ್ನಬೇಕು.
ಒಂದು ಸಲ ಸೊಂಟದ ಬೆಲ್ಟಿನ ಕೊಕ್ಕೆ ಸಿಕ್ಕಿಸಲು ಮರೆತೆ.
ಕೆಳಗಿನಿಂದ ಸಣ್ಣ ಕಲ್ಲೊಂದು ಬಂದು
ಹೆಲ್ಮೆಟ್ಟಿಗೆ ಟಕ್ಕೆಂದಿತು.
ಎರಡನೇ ಸಲ ಮರೆಯಲಿಲ್ಲ.

ರಾತ್ರಿ ಗಾಳಿ ಎದ್ದಿತು.
ಆಷಾಢದ್ದು, ಮಳೆಯಿಲ್ಲದ್ದು, ಬರೀ ಒಣಜಗಳ.
ಸಿಮೆಂಟು ಚೀಲಗಳ ಮಗ್ಗುಲಲ್ಲಿ ಮಲಗಿದ್ದ ನನಗೆ
ಏಳೂ ಒಟ್ಟಿಗೆ ಗುಂಯ್ಯೆನ್ನುವುದು ಕೇಳಿತು,
ತಂತಿಹಗ್ಗ ಅದಕ್ಕಿಂತ ಒಂದು ಶ್ರುತಿ ಮೇಲೆ.
ಟಾರ್ಚು ಬಿಟ್ಟೆ. ಮೇಸ್ತ್ರಿ ಆಗಲೇ ಅಲ್ಲಿದ್ದ,
ಹಗ್ಗದ ಮೇಲೆ ಅಂಗೈಯಿಟ್ಟು
ಮಗುವಿನ ಜ್ವರ ನೋಡುವವನ ಹಾಗೆ.
"ಮಲಕೋ ಹೋಗು" ಅಂದ.

ಬೆಳಿಗ್ಗೆ ಏನೂ ಆಗಿರಲಿಲ್ಲ.
ಬಿದ್ದಿದ್ದರೆ ಹೇಳಲಿಕ್ಕೆ ಬರುತ್ತಿತ್ತು,
ಎಷ್ಟು ಗಂಟೆಗೆ, ಯಾವ ಕಡೆಗೆ, ಯಾರ ಮೇಲೆ.
ಬೀಳದ್ದನ್ನು ಹೇಗೆ ಹೇಳುವುದು?
ರೇವಣಸಿದ್ದಪ್ಪ ಬಂದು ಸುತ್ತ ಕಣ್ಣಾಡಿಸಿ
"ನೋಡಿದ್ರಾ, ಏನೂ ಆಗಲಿಲ್ಲ, ಸುಮ್ಮನೆ ಒಂದು ದಿನ ಹೋಯ್ತು" ಎಂದ.
ಮೇಸ್ತ್ರಿ ಟೀ ಕುಡಿಯುತ್ತಿದ್ದ.
ಹೌದು, ಅಂದ.

ಈಗ ಅಲ್ಲಿ ಈರುಳ್ಳಿಯ ಘಾಟು.
ಕಾಯಂ ಪಟ್ಟಿ ಕೂತು, ಶೀಟು ಮುಚ್ಚಿದ ಮೇಲೆ
ನಮ್ಮ ತಾತ್ಕಾಲಿಕದವು ಒಂದೊಂದಾಗಿ ಇಳಿದು
ಬೀರೂರಿನ ಕಡೆ ಲಾರಿ ಹತ್ತಿದವು.
ಮೊನ್ನೆ ಒಳಹೊಕ್ಕು ತಲೆಯೆತ್ತಿ ನಿಂತೆ.
ಅವು ಇದ್ದಲ್ಲಿ ಬೋಲ್ಟಿನ ತೂತು,
ತೂತಿನ ಸುತ್ತ ತೆಳ್ಳಗೆ ತುಕ್ಕು.
ಹತ್ತೊಂಬತ್ತರವರೆಗೆ ಎಣಿಸಿದ್ದೆ,
ತಕ್ಕಡಿಯ ಹತ್ತಿರ ಚೀಟಿ ಬರೆಯುತ್ತಿದ್ದ ಹುಡುಗಿ
ಕುರ್ಚಿಯ ಮೇಲೆ ಕಾಲೆಳೆದುಕೊಂಡು ಕೇಳಿದಳು:
ಏನಣ್ಣ ಮೇಲೆ, ಹಾವಿದೆಯಾ?