ಉಣ್ಣಿ

ಎಳ್ಳಿಗಿಂತ ತುಸು ದೊಡ್ಡದು,
ಬೆನ್ನ ಮೇಲೆ ಒಂದೇ ಒಂದು ಬಿಳಿ ಚುಕ್ಕೆ.
ಬ್ಲ್ಯಾಕ್‌ಬೆರಿ ಕೀಳಲು ಹೋದ ನನ್ನ ಮೊಣಕಾಲ ಹಿಂದೆ
ಎರಡು ದಿನ ಬಿಡಾರ ಹೂಡಿತ್ತು.
ನಲವತ್ತು ವರ್ಷ ಈ ಅರ್ಕನ್ಸಾ ಗುಡ್ಡದಲ್ಲಿ
ಬಂದವರಿಗೆಲ್ಲ ಉಣ್ಣಿ, ಇನ್ನಷ್ಟು ಉಣ್ಣಿ ಎಂದು
ಬಡಿಸಿದವಳು ನಾನು.
ಕೊನೆಗೆ ನನ್ನನ್ನೇ ಉಂಡು ಹೋಯಿತು.

ಈಗ ಹೆದ್ದಾರಿ ಪಕ್ಕದ ಅಂಗಡಿಯ ಐದನೇ ಸಾಲಿನಲ್ಲಿ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುತ್ತೇನೆ,
ಆ ಎಣ್ಣೆಯೂ ಯಾವುದರದೆಂದು ವಿಚಾರಿಸಿಕೊಂಡೇ.
ಕೈಯಲ್ಲಿ ಹಾಯ್ಟ್‌ನ ಭೂತಗನ್ನಡಿ;
ಇದ್ದಾಗ ಅವನು ಟ್ರೌಟ್ ಮೀನಿಗೆ
ದಾರದ ನೊಣ ಕಟ್ಟುತ್ತಿದ್ದದ್ದು ಇದರಡಿಯಲ್ಲೇ.
ಬೀನ್ಸ್ ಡಬ್ಬಿಯಲ್ಲಿ ಹಂದಿಕೊಬ್ಬು, ಅದು ಗೊತ್ತಿದ್ದದ್ದೇ.
ಕೋಳಿ ಸಾಸೇಜು ತೊಟ್ಟದ್ದು ಹಂದಿಯ ಕರುಳಿನ ಅಂಗಿ.
ಮಾರ್ಷ್‌ಮ್ಯಾಲೋದ ಮೆತ್ತಗೆ ಯಾರದೋ ಮೂಳೆಯದು.
ನೋವಿನ ಮಾತ್ರೆಯ ಹೊಳೆಯುವ ಕವಚ ಕೂಡ
ಒಂದು ಕಾಲಕ್ಕೆ ಗೊರಸೂರಿ ನಡೆದದ್ದು.

ಸೂಪಿನ ಡಬ್ಬಿಯ ತುದಿಯಲ್ಲಿ 'ಸಹಜ ರುಚಿ' ಎಂದಿತ್ತು.
ಯಾರ ಸಹಜ?
ಬೆನ್ನ ಮೇಲಿನ ನಂಬರಿಗೆ ಫೋನು ಮಾಡಿದೆ.
ಇಪ್ಪತ್ತು ನಿಮಿಷ ಪಿಟೀಲು ಕೇಳಿಸಿ
ಒಬ್ಬ ಹುಡುಗಿ ಬಂದಳು:
ಅದು ಕಂಪನಿಯ ಗುಟ್ಟು, ಮೇಡಂ.
ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಮಗಳೇ, ಎಂದೆ.
ಉಂಡ ನಾಲ್ಕು ಗಂಟೆಗೆ ಎಲ್ಲ ಬಾಯಿಬಿಡುತ್ತದೆ:
ಅಂಗೈ ಕೆಂಪಾಗಿ, ತುಟಿ ಊದಿ,
ಗಂಟಲು ಸೂಜಿಯ ಕಣ್ಣಾಗಿ.

ಹಾಲೂಡುವ ಜಾತಿ ಯಾವುದೂ ಬೇಡ, ಎಂದಿದ್ದರು ಡಾಕ್ಟರು.
ಹಸು, ಹಂದಿ, ಜಿಂಕೆಗಳಲ್ಲಿರುವ ಒಂದು ಸಕ್ಕರೆ
ನಮಗೂ ನಮ್ಮ ನಂಟ ಗೊರಿಲ್ಲಾಗೂ ಇಲ್ಲವಂತೆ.
ಮೂರು ಮಕ್ಕಳಿಗೆ ಮೊಲೆಯೂಡಿದ್ದೇನೆ.
ಏನಿಲ್ಲದ ಹಾಲು ಅದೆಂದು
ಅರವತ್ತೆಂಟಕ್ಕೆ ತಿಳಿದು
ಕಾರಿನಲ್ಲಿ ಒಬ್ಬಳೇ ಕೂತು, ಏಕೋ, ನಕ್ಕೆ.

ಭಾನುವಾರ ಚರ್ಚಿನ ಊಟಕ್ಕೆ ನಾನು
ನನ್ನ ಬುತ್ತಿ ನಾನೇ ಒಯ್ಯುತ್ತೇನೆ.
ಮೇಜಿನ ಮೂಲೆಯಲ್ಲಿ ಕೂತು
ಬೇರೆಯವರ ತಟ್ಟೆಯ ಕಡೆ ನೋಡದಿರಲು ಕಲಿತಿದ್ದೇನೆ.
ಮೊನ್ನೆ ಆರ್ಲೀತಾ ಪೀಚ್ ಪೈ ತಂದು
ನನ್ನ ಮುಂದಿಟ್ಟು, ಮಾತಾಡದೆ, ಕಾಫಿ ತರಲು ಹೋದಳು.
ಬದಿಗೆ ಅಂಟಿಸಿದ ಕಂದು ಚೀಟಿ:

*ಮೈದಾ. ಸೋಯಾದ ಗಟ್ಟಿ ಕೊಬ್ಬು, ಬೆಣ್ಣೆಯಲ್ಲ.
ಪೀಚು ನಮ್ಮ ಹಿತ್ತಲದ್ದು.
ಸಕ್ಕರೆ, ಮೂಳೆ ಇದ್ದಿಲಲ್ಲಿ ಸೋಸದ್ದು, ಕೇಳಿ ತಂದೆ.
ಉಪ್ಪು.
ಅಮ್ಮನ ಬಾಣಲೆ ಬಳಸಿಲ್ಲ. ಎಪ್ಪತ್ತು ವರ್ಷದ ಹಂದಿಕೊಬ್ಬು
ಅದರ ಕಬ್ಬಿಣ ಕುಡಿದಿದೆ. ಹೊಸದು ಕೊಂಡೆ.*

ಒಂದು ಗಂಟೆಗೆ ತಿಂದೆ, ಎರಡು ತುಂಡು.
ಐದರವರೆಗೆ ಗಡಿಯಾರದ ಎದುರು ಕೂತೆ,
ಔಷಧದ ಸೂಜಿ ತೊಡೆಯ ಪಕ್ಕ.
ಏಳಕ್ಕೆ ದೀಪದಡಿ ಅಂಗೈ ಬಿಚ್ಚಿದೆ.
ಬರೀ ಅಂಗೈ.

ಚೀಟಿ ಈಗ ನನ್ನ ಫ್ರಿಜ್ಜಿನ ಮೇಲಿದೆ.
ಎರಡು ಕಡೆ ಕಾಗುಣಿತ ತಪ್ಪಿದೆ.